ಮಗುವಿನ ಉಸಿರಿಗೆ ಯಂತ್ರದ ಕಿವಿ

ಐದು ವರ್ಷದೊಳಗಿನ ಮಕ್ಕಳ ಜೀವ ತೆಗೆಯುವ ಸೋಂಕುಗಳಲ್ಲಿ ನ್ಯುಮೋನಿಯಾಕ್ಕೆ ಮೊದಲ ಸ್ಥಾನ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಅದಕ್ಕೆ ಬಲಿಯಾದ ಮಕ್ಕಳ ಸಂಖ್ಯೆ 7,40,180. ಆ ವಯಸ್ಸಿನಲ್ಲಿ ಸತ್ತ ಪ್ರತಿ ನೂರು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳ ಸಾವಿಗೆ ಅದೊಂದೇ ಕಾರಣ. ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾವನ್ನು ಅಮಾಕ್ಸಿಸಿಲಿನ್‌ನಂಥ ಅಗ್ಗದ ಔಷಧದಿಂದ ಗುಣಪಡಿಸಬಹುದು. ಆದರೂ ಇಷ್ಟು ಮಕ್ಕಳು ಸಾಯುತ್ತಿದ್ದಾರೆ ಎಂದರೆ ಅದಕ್ಕೆ ಮುಖ್ಯ ಕಾರಣ ಎರಡು: ಕಾಯಿಲೆಯ ಗುರುತು ಸಿಗುವುದು ತಡವಾಗುತ್ತದೆ, ಗುರುತು ಸಿಕ್ಕ ಮೇಲೂ ಔಷಧ ಮತ್ತು ಆಮ್ಲಜನಕ ಹೊತ್ತಿಗೆ ಸರಿಯಾಗಿ ಒದಗುವುದಿಲ್ಲ.

ಮೊದಲನೆಯ ಕೊರತೆಯನ್ನು ತುಂಬುವ ಕೆಲಸಕ್ಕೆ ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಮಗುವಿನ ಉಸಿರನ್ನು ಎಣಿಸುವುದು, ಎದೆಯೊಳಗಿನ ಶಬ್ದವನ್ನು ಆಲಿಸುವುದು, ಕೆಮ್ಮಿನ ಬಗೆಯನ್ನು ಗುರುತಿಸುವುದು, ಎಕ್ಸ್‌ರೇ ಚಿತ್ರವನ್ನು ಓದುವುದು, ಈ ನಾಲ್ಕೂ ಕೆಲಸಗಳನ್ನು ಗಣಕಯಂತ್ರಕ್ಕೆ ಕಲಿಸುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಕೆಲವು ಉಪಕರಣಗಳು ಆಗಲೇ ಬಳಕೆಯಲ್ಲಿವೆ, ಬಹುಪಾಲು ಇನ್ನೂ ಪರೀಕ್ಷೆಯ ಹಂತದಲ್ಲಿವೆ. ಅವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ಮಕ್ಕಳಿರುವ ಪ್ರತಿ ಮನೆಯವರೂ ತಿಳಿದಿರುವುದು ಒಳ್ಳೆಯದು.

ಮಗುವಿನ ಎದೆ ಬೇರೆಯೇ

ಮಗುವಿನ ಶ್ವಾಸಾಂಗ ದೊಡ್ಡವರ ಶ್ವಾಸಾಂಗದ ಚಿಕ್ಕ ಪ್ರತಿಯಲ್ಲ. ಅದರ ಶ್ವಾಸನಾಳ ಬಹಳ ಕಿರಿದು. ನಾಳದ ತ್ರಿಜ್ಯ ಅರ್ಧಕ್ಕೆ ಇಳಿದರೆ ಅದರಲ್ಲಿ ಗಾಳಿ ಸರಾಗವಾಗಿ ಹರಿಯುವುದಕ್ಕೆ ಒಡ್ಡುವ ತಡೆ ಹದಿನಾರು ಪಟ್ಟು ಹೆಚ್ಚುತ್ತದೆ ಎಂದು ಭೌತಶಾಸ್ತ್ರ ಹೇಳುತ್ತದೆ. ಹಾಗಾಗಿ ದೊಡ್ಡವರಿಗೆ ಬರೀ ನೆಗಡಿಯಾಗಿ ಕಳೆದುಹೋಗುವ ಸೋಂಕು, ಅಷ್ಟೇ ಊತ, ಅಷ್ಟೇ ಕಫದಿಂದ ಆರು ತಿಂಗಳ ಕೂಸನ್ನು ಏದುಸಿರಿಗೆ ತಳ್ಳಬಲ್ಲದು. ಮಗುವಿನ ಪಕ್ಕೆಲುಬುಗಳು ಮೆತ್ತಗಿದ್ದು ಹೆಚ್ಚುಕಡಿಮೆ ಅಡ್ಡಲಾಗಿ ಇರುತ್ತವೆ. ಉಸಿರಾಟದ ಭಾರವೆಲ್ಲ ವಪೆಯ ಮೇಲೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯ ಮೇಲೆ ಬೀಳುತ್ತದೆ. ಶ್ವಾಸಕೋಶ ಗಟ್ಟಿಯಾದಾಗ ಆ ಸ್ನಾಯು ಬಲವಾಗಿ ಎಳೆಯುತ್ತದೆ. ಮಗು ಉಸಿರು ಒಳಗೆ ತೆಗೆದುಕೊಂಡಾಗ ಹಿಗ್ಗಬೇಕಾದ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತದೆ. ಇದೇ ಪಕ್ಕೆ ಸೆಳೆತ. ನ್ಯುಮೋನಿಯಾದ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು.

ಇನ್ನೊಂದು ಲಕ್ಷಣ ಉಸಿರಿನ ವೇಗ. ಶ್ವಾಸಕೋಶದ ಒಂದು ಭಾಗ ಕೆಲಸ ನಿಲ್ಲಿಸಿದಾಗ ಮಗು ಆಳವಾಗಿ ಉಸಿರಾಡಲಾರದೆ ಬೇಗಬೇಗ ಉಸಿರಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಸರಳವಾದ ಅಳತೆಗೋಲು ಕೊಟ್ಟಿದೆ. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60 ಅಥವಾ ಹೆಚ್ಚು ಸಲ, ಎರಡು ತಿಂಗಳಿಂದ ಹನ್ನೆರಡು ತಿಂಗಳೊಳಗಿನ ಮಗು 50 ಅಥವಾ ಹೆಚ್ಚು ಸಲ, ಒಂದರಿಂದ ಐದು ವರ್ಷದೊಳಗಿನ ಮಗು 40 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರು. ಪ್ರಯೋಗಾಲಯವಿಲ್ಲದ, ಎಕ್ಸ್‌ರೇ ಇಲ್ಲದ ಹಳ್ಳಿಯಲ್ಲೂ ಕೆಮ್ಮಿನಿಂದ ಬಳಲುವ ಮಗುವನ್ನು ಈ ಅಳತೆಯಿಂದಲೇ ವಿಂಗಡಿಸಲಾಗುತ್ತದೆ.

ಎಣಿಕೆಯೇ ಮೊದಲ ತೊಡಕು

ಉಸಿರು ಎಣಿಸುವುದು ಹೇಳಿದಷ್ಟು ಸುಲಭವಲ್ಲ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲೆತ್ತಿ, ಎದೆ ಅಥವಾ ಹೊಟ್ಟೆಯ ಏರಿಳಿತದ ಮೇಲೆ ಕಣ್ಣಿಟ್ಟು, ಪೂರ್ತಿ ಒಂದು ನಿಮಿಷ ಎಣಿಸಬೇಕು. ಕೂಸುಗಳ ಉಸಿರು ಒಂದೇ ಸಮನೆ ಇರುವುದಿಲ್ಲ. ಕೆಲವು ಸೆಕೆಂಡು ಓಡುತ್ತದೆ, ಕೆಲವು ಸೆಕೆಂಡು ನಿಲ್ಲುತ್ತದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ತಪ್ಪೂ ನಾಲ್ಕು ಪಟ್ಟಾಗುತ್ತದೆ. ಐವತ್ತು ಎಣಿಸುವಷ್ಟರಲ್ಲಿ ಮಗು ಮಗ್ಗುಲು ತಿರುಗಿದರೆ, ತಾಯಿ ಸೆರಗು ಸರಿಪಡಿಸಿದರೆ ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರು. ಒಂದೇ ಮಗುವಿನ ಉಸಿರನ್ನು ಇಬ್ಬರು ಎಣಿಸಿ ಬೇರೆಬೇರೆ ಸಂಖ್ಯೆ ಹೇಳುವುದು ಸಾಮಾನ್ಯ. 48 ಮತ್ತು 52ರ ನಡುವಿನ ಅಂತರ ಕಾಗದದ ಮೇಲೆ ಚಿಕ್ಕದು. ಎಂಟು ತಿಂಗಳ ಮಗುವಿನ ಮಟ್ಟಿಗೆ ಅದು ಔಷಧ ಕೊಡಬೇಕೋ ಬೇಡವೋ ಎಂಬುದನ್ನೇ ತೀರ್ಮಾನಿಸುತ್ತದೆ.

ಇದನ್ನು ನಿವಾರಿಸಲು ಮೊದಲು ಬಂದದ್ದು ನಿಮಿಷ ಮುಗಿದಾಗ ಸದ್ದು ಮಾಡುವ ಸಾದಾ ಗಡಿಯಾರ. ಆಮೇಲೆ ಮೊಬೈಲ್ ಬಂತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ರೂಪಿಸಿದ ಆ್ಯಪ್‌ನಲ್ಲಿ ಮಗು ಉಸಿರು ಎಳೆದಾಗಲೆಲ್ಲ ಪರದೆಯನ್ನು ತಟ್ಟಿದರೆ ಸಾಕು. ಎರಡು ತಟ್ಟುಗಳ ನಡುವಿನ ಅಂತರ ಒಂದಕ್ಕೊಂದು ಹೊಂದುತ್ತಿದೆಯೇ ಎಂದು ನೋಡಿಕೊಂಡು ಅದು ಸುಮಾರು ಹತ್ತು ಸೆಕೆಂಡಿನಲ್ಲಿ ಉಸಿರಿನ ದರ ಹೇಳುತ್ತದೆ. ಯುನಿಸೆಫ್ ಕೈಗೊಂಡ ‘ಅರಿಡಾ’ ಯೋಜನೆಯಡಿ ಇನ್ನೂ ಮುಂದಿನ ಹೆಜ್ಜೆ ಇಡಲಾಯಿತು. ಫಿಲಿಪ್ಸ್ ಕಂಪನಿಯ ‘ಚಾರ್ಮ್’ ಎಂಬ ಉಪಕರಣವನ್ನು ಪಟ್ಟಿಯಿಂದ ಮಗುವಿನ ಹೊಟ್ಟೆಗೆ ಕಟ್ಟುತ್ತಾರೆ. ಒಳಗಿನ ಸಂವೇದಕ ಹೊಟ್ಟೆಯ ಚಲನೆಯನ್ನು ಗ್ರಹಿಸುತ್ತದೆ. ಮಗು ಕಾಲು ಒದ್ದದ್ದು ಯಾವುದು, ಉಸಿರಾಡಿದ್ದು ಯಾವುದು ಎಂದು ಬೇರ್ಪಡಿಸುವ ಕೆಲಸ ಗಣಕಸೂತ್ರದ್ದು. ಎಣಿಕೆ ಮುಗಿದ ಮೇಲೆ ವಯಸ್ಸಿಗೆ ತಕ್ಕ ಮಿತಿ ದಾಟಿದೆಯೇ ಎಂಬುದನ್ನೂ ಅದೇ ಸೂಚಿಸುತ್ತದೆ.

ಎದೆಯೊಳಗಿನ ಶಬ್ದಗಳು

ಎಣಿಕೆಯಿಂದ ವೇಗ ತಿಳಿಯುತ್ತದೆ, ಕಾರಣ ತಿಳಿಯುವುದಿಲ್ಲ. ನ್ಯುಮೋನಿಯಾ, ಉಬ್ಬಸ, ಕಿರುಶ್ವಾಸನಾಳದ ಉರಿಯೂತ, ಕೊನೆಗೆ ಬರೀ ಜ್ವರ, ಇವೆಲ್ಲವೂ ಉಸಿರನ್ನು ವೇಗಗೊಳಿಸುತ್ತವೆ. ಕಾರಣ ಹುಡುಕಲು ವೈದ್ಯರು ಎದೆಯನ್ನು ಆಲಿಸುತ್ತಾರೆ. 1816ರಲ್ಲಿ ಪ್ಯಾರಿಸ್ಸಿನ ನೆಕೆರ್ ಆಸ್ಪತ್ರೆಯ ವೈದ್ಯ ರೆನೆ ಲೆನೆಕ್ ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿದಂದಿನಿಂದ ಸ್ಟೆತಾಸ್ಕೋಪ್ ಈ ಕೆಲಸ ಮಾಡುತ್ತ ಬಂದಿದೆ.

ಆರೋಗ್ಯವಂತ ಶ್ವಾಸಕೋಶದ ಶಬ್ದ ಮೃದುವಾಗಿ, ಗಾಳಿ ಬೀಸಿದಂತಿರುತ್ತದೆ. ಕಿರಿದಾದ ನಾಳದಲ್ಲಿ ಗಾಳಿ ನುಗ್ಗಿದಾಗ ಸುಯ್ ಎಂಬ, ಸಿಳ್ಳೆಯಂಥ ಎಳೆದ ಸ್ವರ ಕೇಳುತ್ತದೆ. ಉಬ್ಬಸದ ಮಕ್ಕಳಲ್ಲಿ ಇದು ಸಾಮಾನ್ಯ. ದ್ರವ ತುಂಬಿದ ಅಥವಾ ಅಂಟಿಕೊಂಡ ಕಿರುನಾಳಗಳು ಥಟ್ಟನೆ ತೆರೆದಾಗ ಚಿಟಪಟ ಸದ್ದು ಬರುತ್ತದೆ. ಅದು ನ್ಯುಮೋನಿಯಾದ ಸುಳಿವು ಆಗಿರಬಹುದು. ಗಂಟಲಿನ ಮಟ್ಟದಲ್ಲಿ ದಾರಿ ಕಟ್ಟಿದರೆ ಉಸಿರು ಒಳಗೆ ಎಳೆದಾಗ ಕರ್ಕಶ ಧ್ವನಿ ಕೇಳುತ್ತದೆ. ಸಿಳ್ಳೆಯ ಸ್ವರ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ಹೊತ್ತು ಇರುತ್ತದೆ. ಚಿಟಪಟ ಸದ್ದು ಅದರ ಐದನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಅಳುವ ಮಗುವಿನ ಎದೆಯ ಮೇಲೆ, ನಿಮಿಷಕ್ಕೆ ನೂರಿಪ್ಪತ್ತು ಸಲ ಬಡಿಯುವ ಹೃದಯದ ಸದ್ದಿನ ನಡುವೆ, ಅಂಥ ಕ್ಷಣಿಕ ಶಬ್ದವನ್ನು ಹಿಡಿಯಲು ಪಳಗಿದ ಕಿವಿ ಬೇಕು. ಪಳಗಿದ ಕಿವಿಗಳೂ ಎಷ್ಟೋ ಸಲ ಒಮ್ಮತಕ್ಕೆ ಬರುವುದಿಲ್ಲ.

ಯಂತ್ರ ಕಲಿಯುವ ಬಗೆ

ಯಂತ್ರ ಶಬ್ದವನ್ನು ಚಿತ್ರವಾಗಿ ಮಾಡಿಕೊಂಡು ಓದುತ್ತದೆ. ಮೈಕ್ರೋಫೋನ್ ಇರುವ ಡಿಜಿಟಲ್ ಸ್ಟೆತಾಸ್ಕೋಪ್ ಎದೆಯ ಸದ್ದನ್ನು ಮುದ್ರಿಸುತ್ತದೆ. ಆ ಮುದ್ರಣವನ್ನು ಕಿರು ಚೂರುಗಳಾಗಿ ಕತ್ತರಿಸಿ, ಪ್ರತಿ ಚೂರಿನಲ್ಲಿ ಯಾವ ಕಂಪನಾಂಕದ ಧ್ವನಿ ಎಷ್ಟು ಬಲವಾಗಿದೆ ಎಂದು ಲೆಕ್ಕ ಹಾಕಲಾಗುತ್ತದೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಕಂಪನಾಂಕ, ಬಣ್ಣದ ಗಾಢತೆಯಲ್ಲಿ ಬಲ, ಹೀಗೆ ಒಂದು ಚಿತ್ರ ಮೂಡುತ್ತದೆ. ಅದರಲ್ಲಿ ಸಿಳ್ಳೆಯ ಸ್ವರ ಅಡ್ಡಗೆರೆಯಂತೆ, ಚಿಟಪಟ ಸದ್ದು ತೆಳುವಾದ ನೆಟ್ಟನೆ ಗೆರೆಯಂತೆ ಕಾಣುತ್ತದೆ. ಸಾವಿರಾರು ಚಿತ್ರಗಳನ್ನು, ಇದು ಸಿಳ್ಳೆ, ಇದು ಚಿಟಪಟ, ಇದು ಸಹಜ ಎಂದು ತಜ್ಞರು ಹಚ್ಚಿದ ಗುರುತಿನೊಂದಿಗೆ ನರಜಾಲ ಎಂಬ ಗಣಿತ ವ್ಯವಸ್ಥೆಗೆ ಉಣಿಸುತ್ತಾರೆ. ತಪ್ಪು ಉತ್ತರ ಬಂದಾಗಲೆಲ್ಲ ವ್ಯವಸ್ಥೆ ತನ್ನೊಳಗಿನ ಅಂಕಿಗಳನ್ನು ತುಸು ತಿದ್ದಿಕೊಳ್ಳುತ್ತದೆ. ಲಕ್ಷಾಂತರ ಸಲ ತಿದ್ದಿಕೊಂಡ ಮೇಲೆ ಹಿಂದೆಂದೂ ಕೇಳದ ಮುದ್ರಣದ ಬಗ್ಗೆಯೂ ಅದು ಅಂದಾಜು ಹೇಳಬಲ್ಲದು.

ಈ ಕಲಿಕೆಗೆ ಬೇಕಾದ ಬಂಡವಾಳ ದತ್ತಾಂಶ. ಸಂಶೋಧಕರು ಹೆಚ್ಚು ಬಳಸಿದ ಶ್ವಾಸಶಬ್ದ ಭಂಡಾರ 2017ರಲ್ಲಿ ಬಿಡುಗಡೆಯಾಯಿತು. ಪೋರ್ಚುಗಲ್ ಮತ್ತು ಗ್ರೀಸ್‌ನಲ್ಲಿ 126 ಜನರಿಂದ ಸಂಗ್ರಹಿಸಿದ 920 ಮುದ್ರಣಗಳು ಅದರಲ್ಲಿವೆ. ಎಲ್ಲ ಸೇರಿದರೂ ಐದೂವರೆ ಗಂಟೆಯಷ್ಟೇ. ಕೇವಲ ಮಕ್ಕಳಿಗಾಗಿ ಮೀಸಲಾದ ಭಂಡಾರ ಬೇಕೆಂದು ಚೀನಾದ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯದ ತಂಡ 2022ರಲ್ಲಿ 292 ಮಕ್ಕಳ 2,683 ಮುದ್ರಣಗಳನ್ನು ಸಾರ್ವಜನಿಕಗೊಳಿಸಿತು. ಕೋಟಿಗಟ್ಟಲೆ ಚಿತ್ರಗಳಿಂದ ಕಲಿಯುವ ಇತರ ಕೃತಕ ಬುದ್ಧಿಮತ್ತೆಗಳ ಮುಂದೆ ಇದು ಸಣ್ಣ ಗಂಟು. ಮಕ್ಕಳ ಉಸಿರಿನ ವಿಷಯದಲ್ಲಿ ಯಂತ್ರಗಳು ನಿಧಾನವಾಗಿ ಮುಂದುವರಿಯುತ್ತಿರುವುದಕ್ಕೆ ಈ ಕೊರತೆ ದೊಡ್ಡ ಕಾರಣ.

ಕೊರತೆಯ ನಡುವೆಯೂ ಫಲ ಕಂಡಿದೆ. ಪೋಲೆಂಡಿನ ಪೊಜ್ನಾನ್‌ನಲ್ಲಿ ರೂಪುಗೊಂಡ ‘ಸ್ಟೆತೊಮಿ’ ಎಂಬ ತಂತಿರಹಿತ ಸ್ಟೆತಾಸ್ಕೋಪನ್ನು ತಂದೆತಾಯಿ ಮನೆಯಲ್ಲೇ ಮಗುವಿನ ಎದೆಗೆ ಇಡಬಹುದು. ಎಲ್ಲಿ ಇಡಬೇಕೆಂದು ಮೊಬೈಲ್ ತೋರಿಸುತ್ತದೆ, ಮುದ್ರಣವನ್ನು ವೈದ್ಯರಿಗೂ ಕಳಿಸುತ್ತದೆ. ಅಲ್ಲಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಸಹಜ ಶಬ್ದಗಳನ್ನು ಹೆಸರಿಸುವಲ್ಲಿ ನರಜಾಲ ವೈದ್ಯರಿಗಿಂತ ಹೆಚ್ಚು ನಿಖರವಾಗಿತ್ತು.

ಗದ್ದಲದ ನಡುವೆ ಆಲಿಸುವುದು

ಸಂಶೋಧನಾ ಕೊಠಡಿಯ ನಿಶ್ಶಬ್ದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವುದಿಲ್ಲ. ಸಾಲಿನಲ್ಲಿ ನಿಂತವರ ಮಾತು, ಹೊರಗಿನ ವಾಹನ, ತಿರುಗುವ ಫ್ಯಾನು, ಪಕ್ಕದ ಮಗುವಿನ ಅಳು, ಎಲ್ಲವೂ ಸ್ಟೆತಾಸ್ಕೋಪಿಗೆ ಸೇರಿಕೊಳ್ಳುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಮೌನ್ಯಾ ಎಲ್ಹಿಲಾಲಿ, ಮಕ್ಕಳ ವೈದ್ಯ ಎರಿಕ್ ಮೆಕಾಲಮ್ ಮತ್ತು ಜೇಮ್ಸ್ ವೆಸ್ಟ್ ಇರುವ ತಂಡ ಈ ತೊಡಕನ್ನೇ ಕೈಗೆತ್ತಿಕೊಂಡಿತು. ವೆಸ್ಟ್ ಅವರು 1962ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಗೆರ್ಹಾರ್ಡ್ ಸೆಸ್ಲರ್ ಜೊತೆಗೂಡಿ ಎಲೆಕ್ಟ್ರೆಟ್ ಮೈಕ್ರೋಫೋನನ್ನು ರೂಪಿಸಿದವರು. ದಶಕಗಳ ಕಾಲ ದೂರವಾಣಿಗಳಲ್ಲೂ ಟೇಪ್ ರೆಕಾರ್ಡರುಗಳಲ್ಲೂ ಮಾತು ಹಿಡಿದದ್ದು ಇದೇ ಮೈಕ್ರೋಫೋನು.

ಈ ತಂಡದ ಸ್ಟೆತಾಸ್ಕೋಪ್ ಎದೆಯ ಸದ್ದನ್ನು ಒಂದು ಕಡೆಯಿಂದ, ಕೋಣೆಯ ಸದ್ದನ್ನು ಇನ್ನೊಂದು ಕಡೆಯಿಂದ ಹಿಡಿದು, ಎರಡನೆಯದನ್ನು ಮೊದಲನೆಯದರಿಂದ ಕಳೆಯುತ್ತದೆ. ಉಳಿದ ಶಬ್ದವನ್ನು ಗಣಕಸೂತ್ರ ವಿಶ್ಲೇಷಿಸುತ್ತದೆ. ಬಾಂಗ್ಲಾದೇಶ, ಗ್ಯಾಂಬಿಯಾ, ಕೀನ್ಯಾ, ಮಾಲಿ, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್ ಮತ್ತು ಜಾಂಬಿಯಾಗಳಲ್ಲಿ ನಡೆದ ಮಕ್ಕಳ ನ್ಯುಮೋನಿಯಾ ಅಧ್ಯಯನ ‘ಪರ್ಚ್’ನಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳ ಎದೆಯ ಶಬ್ದಗಳನ್ನು ಮುದ್ರಿಸಲಾಗಿತ್ತು. ಅವುಗಳ ಮೇಲೆ ಪರೀಕ್ಷಿಸಿದಾಗ ಸಹಜ ಮತ್ತು ಅಸಹಜ ಶಬ್ದಗಳನ್ನು ಬೇರ್ಪಡಿಸುವಲ್ಲಿ ಸೂತ್ರದ ನಿಖರತೆ ಶೇ 87ರ ಹತ್ತಿರ ಬಂತು. ಇವು ತಜ್ಞ ಆಸ್ಪತ್ರೆಯ ಆಯ್ದ ಮುದ್ರಣಗಳಲ್ಲ, ಗದ್ದಲದ ಚಿಕಿತ್ಸಾಲಯಗಳಲ್ಲಿ ಅಳುವ, ಒದ್ದಾಡುವ ಮಕ್ಕಳಿಂದ ಪಡೆದವು ಎಂಬುದೇ ಈ ಫಲಿತಾಂಶದ ಬೆಲೆ.

ಕೆಮ್ಮೇ ಸಾಕ್ಷಿ

ಸ್ಟೆತಾಸ್ಕೋಪ್ ಕೂಡ ಇಲ್ಲದ ಕಡೆ ಕೆಮ್ಮಿನ ಸದ್ದಿನಿಂದಲೇ ಕಾಯಿಲೆ ಗುರುತಿಸಬಹುದೇ ಎಂಬ ಪ್ರಶ್ನೆಯನ್ನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಉದಂತ ಅಬೇರತ್ನೆ ಅವರ ತಂಡ ಎತ್ತಿಕೊಂಡಿತು. ಕೆಮ್ಮಿದಾಗ ಶ್ವಾಸಕೋಶದ ಆಳದಿಂದ ಗಾಳಿ ರಭಸವಾಗಿ ಹೊರಬರುತ್ತದೆ. ದಾರಿಯಲ್ಲಿ ಕಫವಿದೆಯೇ, ನಾಳ ಕಿರಿದಾಗಿದೆಯೇ ಎಂಬುದು ಆ ಸದ್ದಿನಲ್ಲಿ ಛಾಪು ಬಿಡುತ್ತದೆ ಎಂಬುದು ಅವರ ತರ್ಕ. ಈ ಸಂಶೋಧನೆಯಿಂದ ಹುಟ್ಟಿದ ‘ರೆಸ್‌ಆ್ಯಪ್’ ಎಂಬ ಕಂಪನಿಯನ್ನು 2022ರಲ್ಲಿ ಫೈಜರ್ ಕೊಂಡುಕೊಂಡಿತು.

ಪಶ್ಚಿಮ ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ 29 ದಿನದ ಕೂಸಿನಿಂದ 12 ವರ್ಷದವರೆಗಿನ 585 ಮಕ್ಕಳ ಮೇಲೆ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊಬೈಲಿನಲ್ಲಿ ಮುದ್ರಿಸಿದ ಐದು ಕೆಮ್ಮು, ಜೊತೆಗೆ ಜ್ವರ ಇದೆಯೇ, ಮೂಗು ಸುರಿಯುತ್ತಿದೆಯೇ ಎಂಬಂಥ ಕೆಲವು ಪ್ರಶ್ನೆಗಳಿಗೆ ಪಾಲಕರ ಉತ್ತರ, ಇಷ್ಟೇ ಯಂತ್ರಕ್ಕೆ ಕೊಟ್ಟ ಮಾಹಿತಿ. ತಜ್ಞ ವೈದ್ಯರು ಉಬ್ಬಸವೆಂದು ನಿರ್ಧರಿಸಿದ ಮಕ್ಕಳಲ್ಲಿ ಶೇ 97, ನ್ಯುಮೋನಿಯಾ ಎಂದ ಮಕ್ಕಳಲ್ಲಿ ಶೇ 87, ಕಿರುಶ್ವಾಸನಾಳದ ಉರಿಯೂತ ಎಂದವರಲ್ಲಿ ಶೇ 84ರಷ್ಟು ಮಕ್ಕಳ ವಿಷಯದಲ್ಲಿ ಯಂತ್ರವೂ ಅದನ್ನೇ ಹೇಳಿತು.

ಇದೇ ತಂತ್ರಜ್ಞಾನ 2017ರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗದಲ್ಲಿ ಮಾತ್ರ ನಿರೀಕ್ಷಿಸಿದ ಫಲ ಕೊಟ್ಟಿರಲಿಲ್ಲ. ಮುದ್ರಣಗಳಲ್ಲಿ ಬೇರೆಯವರ ಮಾತು ಬೆರೆತಿತ್ತು. ಕೆಲವು ಮಕ್ಕಳಿಗೆ ಕೆಮ್ಮು ಮುದ್ರಿಸುವ ಮುನ್ನವೇ ಚಿಕಿತ್ಸೆ ಕೊಡಲಾಗಿತ್ತು. ಒಂದು ಕಡೆ ಗೆದ್ದ ಯಂತ್ರ ಇನ್ನೊಂದು ಕಡೆ, ಇನ್ನೊಂದು ಪದ್ಧತಿಯಲ್ಲಿ ಗೆಲ್ಲುತ್ತದೆಂಬ ಭರವಸೆ ಇಲ್ಲ.

ಈಚೆಗೆ ಕಲಿಕೆಯ ವಿಧಾನವೂ ಬದಲಾಗುತ್ತಿದೆ. ಗೂಗಲ್ ಸಂಶೋಧಕರು 2024ರಲ್ಲಿ ಪ್ರಕಟಿಸಿದ ‘ಹಿಯರ್’ ಎಂಬ ಮಾದರಿ 30 ಕೋಟಿ ಧ್ವನಿತುಣುಕುಗಳಿಂದ, ಯಾರೂ ಗುರುತು ಹಚ್ಚದಿದ್ದರೂ, ಮನುಷ್ಯರ ದೇಹದ ಶಬ್ದಗಳ ವಿನ್ಯಾಸವನ್ನು ಕಲಿತಿದೆ. ಅದರ ತಳಹದಿಯ ಮೇಲೆ ಸಣ್ಣ ಭಂಡಾರಗಳಿಂದಲೂ ಒಳ್ಳೆಯ ರೋಗಪತ್ತೆ ಸಾಧನ ಕಟ್ಟಬಹುದೆಂಬ ನಿರೀಕ್ಷೆಯಿದೆ. ಹೈದರಾಬಾದಿನ ಸಾಲ್ಸಿಟ್ ಟೆಕ್ನಾಲಜೀಸ್ ತನ್ನ ‘ಶ್ವಾಸ’ ಎಂಬ ಕೆಮ್ಮು ವಿಶ್ಲೇಷಣೆಯ ಸಾಧನವನ್ನು ಸುಧಾರಿಸಲು ಈ ಮಾದರಿಯನ್ನು ಬಳಸುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2020ರಲ್ಲೇ ‘ಕೊಸ್ವರ’ ಯೋಜನೆಯಡಿ ಕೋವಿಡ್ ಪತ್ತೆಗಾಗಿ ಕೆಮ್ಮು, ಉಸಿರು ಮತ್ತು ಮಾತಿನ ಧ್ವನಿ ಸಂಗ್ರಹಿಸಿ, 2,635 ಜನರ ಮುದ್ರಣಗಳ ಭಂಡಾರವನ್ನು ಸಂಶೋಧಕರಿಗೆ ತೆರೆದಿಟ್ಟಿತು. ನಮ್ಮ ನಾಡಿನಲ್ಲಿ ಇಂಥ ಕೆಲಸಕ್ಕೆ ಬೇಕಾದ ಪರಿಣತಿ ಇದೆ ಎಂಬುದಕ್ಕೆ ಇದು ಸಾಕ್ಷಿ.

ನೋಡುವ ಯಂತ್ರ

ಅವಧಿಗೆ ಮುನ್ನ ಹುಟ್ಟಿದ ಕೂಸಿನ ಚರ್ಮ ಕಾಗದದಷ್ಟು ನವಿರು. ಅಂಟಿಸಿದ ಸಂವೇದಕವನ್ನು ತೆಗೆಯುವಾಗ ಚರ್ಮವೇ ಕಿತ್ತುಬರುವ ಭಯ. ಇಂಥ ಕೂಸುಗಳನ್ನು ಮುಟ್ಟದೆಯೇ ಗಮನಿಸಲು ಆಕ್ಸ್‌ಫರ್ಡಿನ ಜಾನ್ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಕ್ಯಾಮೆರಾ ಬಳಸಿ ಅಧ್ಯಯನ ನಡೆದಿದೆ. ಕೂಸು ಚಿತ್ರದಲ್ಲಿ ಇದೆಯೇ, ಅದರ ಚರ್ಮ ಎಲ್ಲಿ ಕಾಣುತ್ತಿದೆ ಎಂಬುದನ್ನು ನರಜಾಲ ಮೊದಲು ಗುರುತಿಸುತ್ತದೆ. ಎದೆಯ ಏರಿಳಿತದಿಂದ ಉಸಿರಿನ ದರವನ್ನೂ, ಚರ್ಮದ ಬಣ್ಣದ ಅತಿ ಸೂಕ್ಷ್ಮ ಬದಲಾವಣೆಯಿಂದ ಹೃದಯ ಬಡಿತವನ್ನೂ ಲೆಕ್ಕ ಹಾಕುತ್ತದೆ. 2019ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 30 ಕೂಸುಗಳಿದ್ದವು.

ಎಕ್ಸ್‌ರೇ ಓದುವ ಯಂತ್ರಗಳು ಇನ್ನೂ ಮುಂದುವರಿದಿವೆ. ಚೀನಾದ ಗುವಾಂಗ್‌ಜೌ ನಗರದ ಮಹಿಳಾ ಮತ್ತು ಮಕ್ಕಳ ವೈದ್ಯಕೀಯ ಕೇಂದ್ರದಲ್ಲಿ ಒಂದರಿಂದ ಐದು ವರ್ಷದ ಮಕ್ಕಳಿಂದ ತೆಗೆದ ಐದು ಸಾವಿರಕ್ಕೂ ಹೆಚ್ಚು ಎಕ್ಸ್‌ರೇಗಳು 2018ರಲ್ಲಿ ಸಾರ್ವಜನಿಕವಾದವು. ಜಗತ್ತಿನ ಅಸಂಖ್ಯ ವಿದ್ಯಾರ್ಥಿಗಳು ನ್ಯುಮೋನಿಯಾ ಪತ್ತೆಯ ಗಣಕಸೂತ್ರವನ್ನು ಮೊದಲು ಕಲಿಯುವುದು ಈ ಚಿತ್ರಗಳ ಮೇಲೆಯೇ. ಹಾಗಿದ್ದೂ ಕ್ಷಯರೋಗ ಪತ್ತೆಗೆ ಎಕ್ಸ್‌ರೇ ಓದುವ ತಂತ್ರಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದಾಗ ಅದನ್ನು 15 ವರ್ಷ ಮೇಲ್ಪಟ್ಟವರಿಗೆ ಮಾತ್ರ ಸೀಮಿತಗೊಳಿಸಿತು. ಮಕ್ಕಳ ವಿಷಯದಲ್ಲಿ ಆಧಾರ ಸಾಲದು ಎಂಬುದೇ ಅದಕ್ಕೆ ಕಾರಣ.

ಯಂತ್ರ ದಾರಿ ತಪ್ಪುವುದೆಲ್ಲಿ

ಕೃತಕ ಬುದ್ಧಿಮತ್ತೆಗೆ ಕಾಯಿಲೆ ಎಂದರೇನೆಂದು ತಿಳಿಯದು. ಕೊಟ್ಟ ಮಾಹಿತಿಯಲ್ಲಿ ಸರಿ ಉತ್ತರಕ್ಕೆ ಒಯ್ಯುವ ಯಾವುದೇ ಸುಳಿವನ್ನು ಅದು ಹಿಡಿದುಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ ಸಿಕ್ಕಿತು. ಕೋವಿಡ್ ಇಲ್ಲದ ಎಕ್ಸ್‌ರೇಗೆ ಮಾದರಿ ಎಂದು ಹಲವು ಸಂಶೋಧಕರು ಗುವಾಂಗ್‌ಜೌ ಮಕ್ಕಳ ಚಿತ್ರಗಳನ್ನು ಬಳಸಿಕೊಂಡರು. ಕೋವಿಡ್ ಇದ್ದ ಚಿತ್ರಗಳು ದೊಡ್ಡವರವು. ಯಂತ್ರ ಅತ್ಯುತ್ತಮ ಅಂಕ ಗಳಿಸಿತು. ಆದರೆ ಅದು ಕಲಿತದ್ದು ಕೋವಿಡ್ ಗುರುತಿಸುವುದನ್ನಲ್ಲ, ಮಗುವಿನ ಎದೆಗೂಡನ್ನೂ ದೊಡ್ಡವರ ಎದೆಗೂಡನ್ನೂ ಬೇರ್ಪಡಿಸುವುದನ್ನು. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈಕೆಲ್ ರಾಬರ್ಟ್ಸ್ ಮತ್ತು ಸಂಗಡಿಗರು 2021ರಲ್ಲಿ ಇಂಥ 62 ಅಧ್ಯಯನಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಅವುಗಳಲ್ಲಿ ಒಂದೂ ಆಸ್ಪತ್ರೆಯ ಬಳಕೆಗೆ ಯೋಗ್ಯವಾಗಿಲ್ಲ ಎಂದು ತೀರ್ಮಾನಿಸಿದರು.

ಶಬ್ದದ ವಿಷಯದಲ್ಲೂ ಇದೇ ಪಾಠ. ಬ್ರಿಟನ್ನಿನಲ್ಲಿ 67 ಸಾವಿರಕ್ಕೂ ಹೆಚ್ಚು ಜನರ ಧ್ವನಿಮುದ್ರಣಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ, ರೋಗಲಕ್ಷಣಗಳ ಬಗ್ಗೆ ಸುಮ್ಮನೆ ಪ್ರಶ್ನೆ ಕೇಳುವುದಕ್ಕಿಂತ ಹೆಚ್ಚಿನದೇನನ್ನೂ ಧ್ವನಿಯಿಂದ ಕೋವಿಡ್ ಹುಡುಕುವ ಯಂತ್ರಗಳು ಕೊಡುವುದಿಲ್ಲ ಎಂದು ತೋರಿಸಿತು. ಯಂತ್ರ ಕೇಳಿಸಿಕೊಂಡದ್ದು ಕೆಮ್ಮುವ ಜನರನ್ನು, ಕೋವಿಡ್ಡನ್ನೇ ಅಲ್ಲ.

ಅಳತೆಯ ಉಪಕರಣದಲ್ಲಿಯೇ ಪಕ್ಷಪಾತ ಇರಬಹುದು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ತೋರಿಸುವ ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ಮರೆಮಾಚುತ್ತದೆ ಎಂದು ಅಮೆರಿಕದ ವಯಸ್ಕ ರೋಗಿಗಳ ಅಧ್ಯಯನವೊಂದು 2020ರಲ್ಲಿ ಹೇಳಿತು. ಅಂಥ ಅಂಕಿಯನ್ನು ನಂಬಿ ಕಲಿಯುವ ಯಂತ್ರ ಅದೇ ತಪ್ಪನ್ನು ಮುಂದುವರಿಸುತ್ತದೆ. ಯುರೋಪಿನ ಅಥವಾ ಚೀನಾದ ಮಕ್ಕಳಿಂದ ಕಲಿತ ಯಂತ್ರ ರಾಯಚೂರಿನ ಅಥವಾ ಚಾಮರಾಜನಗರದ ಅಪೌಷ್ಟಿಕ ಮಗುವಿನ ಎದೆಯನ್ನು ಸರಿಯಾಗಿ ಓದುತ್ತದೆಯೇ ಎಂಬುದನ್ನು ಇಲ್ಲಿನ ಮಕ್ಕಳಲ್ಲೇ ಪರೀಕ್ಷಿಸಿ ತಿಳಿಯಬೇಕು.

ಶೇಕಡಾವಾರು ನಿಖರತೆಯ ಒಳಗೆ

ಶೇ 90 ನಿಖರ ಎಂಬ ಜಾಹೀರಾತನ್ನು ಬಿಡಿಸಿ ನೋಡುವುದು ಅಗತ್ಯ. ಕೆಮ್ಮಿರುವ ಸಾವಿರ ಮಕ್ಕಳು ಬಂದಿದ್ದಾರೆ, ಅವರಲ್ಲಿ 50 ಮಕ್ಕಳಿಗೆ ಮಾತ್ರ ನ್ಯುಮೋನಿಯಾ ಇದೆ ಎಂದುಕೊಳ್ಳೋಣ. ಕಾಯಿಲೆ ಇರುವ ನೂರರಲ್ಲಿ 90 ಮಕ್ಕಳನ್ನು ಹಿಡಿಯುವ, ಕಾಯಿಲೆ ಇಲ್ಲದ ನೂರರಲ್ಲಿ 80 ಮಕ್ಕಳನ್ನು ಸರಿಯಾಗಿ ಬಿಟ್ಟುಬಿಡುವ ಯಂತ್ರ ಅಲ್ಲಿದೆ. ಅದು 45 ಮಕ್ಕಳ ನ್ಯುಮೋನಿಯಾವನ್ನು ಗುರುತಿಸುತ್ತದೆ, ಐವರನ್ನು ತಪ್ಪಿಸಿಬಿಡುತ್ತದೆ. ಕಾಯಿಲೆ ಇಲ್ಲದ 950 ಮಕ್ಕಳಲ್ಲಿ 190 ಮಕ್ಕಳಿಗೂ ಕಾಯಿಲೆ ಇದೆ ಎನ್ನುತ್ತದೆ. ಒಟ್ಟು 235 ಎಚ್ಚರಿಕೆಗಳಲ್ಲಿ ನಿಜವಾದವು 45, ಅಂದರೆ ಐದರಲ್ಲಿ ಒಂದಕ್ಕಿಂತ ಕಡಿಮೆ. ಉಳಿದ ಮಕ್ಕಳಿಗೆಲ್ಲ ಆ್ಯಂಟಿಬಯೋಟಿಕ್ ಕೊಟ್ಟರೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಯಲು ದಾರಿಯಾಗುತ್ತದೆ. ತಪ್ಪಿಹೋದ ಐವರ ಪಾಲಕರು ಯಂತ್ರದ ಮಾತು ನಂಬಿ ಮನೆಯಲ್ಲೇ ಕುಳಿತರೆ ಅದು ಇನ್ನೂ ದೊಡ್ಡ ಅಪಾಯ. ಆದ್ದರಿಂದ ಇಂಥ ಯಂತ್ರದ ಸರಿಯಾದ ಕೆಲಸ ವಿಂಗಡಣೆ: ಯಾವ ಮಗುವನ್ನು ಮೊದಲು ನೋಡಬೇಕು, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ಸೂಚಿಸುವುದು. ಕೊನೆಯ ಮಾತು ವೈದ್ಯರದೇ ಆಗಿರಬೇಕು.

ಗುರುತಿಸಿದ ಮಾತ್ರಕ್ಕೆ ಮಗು ಗುಣವಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಮನೆಯಲ್ಲಿ ಉಬ್ಬಸದ ಸಿಳ್ಳೆ ಪತ್ತೆಹಚ್ಚುವ ಕಿರು ಉಪಕರಣವನ್ನು ಬರ್ಲಿನ್, ಲಂಡನ್ ಮತ್ತು ಇಸ್ತಾಂಬುಲ್‌ಗಳಲ್ಲಿ ಚಿಕ್ಕ ಮಕ್ಕಳ ಪಾಲಕರಿಗೆ ಕೊಟ್ಟು ನೋಡಿದಾಗ, ಉಪಕರಣ ಇಲ್ಲದವರಿಗಿಂತ ಅವರ ಮಕ್ಕಳ ಉಬ್ಬಸ ಹೆಚ್ಚು ಹತೋಟಿಗೆ ಬಂದದ್ದು ಕಾಣಲಿಲ್ಲ. ಪತ್ತೆಯ ಹಿಂದೆ ಚಿಕಿತ್ಸೆ, ಸಲಹೆ ಮತ್ತು ಮತ್ತೆ ಮತ್ತೆ ವಿಚಾರಿಸುವ ವ್ಯವಸ್ಥೆ ಇರಬೇಕು.

ನಮ್ಮಲ್ಲಿ ಆಗಬೇಕಾದದ್ದು

ಮಕ್ಕಳ ಉಸಿರಾಟದ ತೊಂದರೆ ಕರ್ನಾಟಕಕ್ಕೆ ಹೊರಗಿನ ಸುದ್ದಿಯಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ದೀರ್ಘಕಾಲ ಅಧ್ಯಯನ ಮಾಡಿ, ಅವರಲ್ಲಿ ಉಬ್ಬಸದ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿತೆಂದು ದಾಖಲಿಸಿದ್ದಾರೆ. ನ್ಯುಮೋನಿಯಾ ಸಾವು ತಗ್ಗಿಸಲು ಕೇಂದ್ರ ಸರ್ಕಾರ 2019ರ ನವೆಂಬರ್‌ನಲ್ಲಿ ‘ಸಾಂಸ್’ ಅಭಿಯಾನ ಆರಂಭಿಸಿತು. ಲಕ್ಷಣ ಕಂಡ ಮಗುವಿಗೆ ಆಶಾ ಕಾರ್ಯಕರ್ತೆ ಮೊದಲ ಡೋಸ್ ಅಮಾಕ್ಸಿಸಿಲಿನ್ ಕೊಟ್ಟು ಆಸ್ಪತ್ರೆಗೆ ಕಳಿಸುವುದು, ಆರೋಗ್ಯ ಕೇಂದ್ರಗಳಲ್ಲಿ ಪಲ್ಸ್ ಆಕ್ಸಿಮೀಟರ್ ಬಳಸುವುದು ಅದರ ಭಾಗ. ಉಸಿರು ಎಣಿಸಿ ತಕ್ಷಣ ತೀರ್ಮಾನಿಸಬೇಕಾದ ಈ ಕಾರ್ಯಕರ್ತೆಯ ಕೈಗೇ ಒಳ್ಳೆಯ ಯಂತ್ರ ಮೊದಲು ಸೇರಬೇಕು. ತಜ್ಞರಿರುವ ನಗರದ ಆಸ್ಪತ್ರೆಗಿಂತ ತಜ್ಞರಿಲ್ಲದ ಉಪಕೇಂದ್ರದಲ್ಲಿ ಅದರ ಪ್ರಯೋಜನ ಹೆಚ್ಚು.

ಕಾನೂನಿನ ಚೌಕಟ್ಟು ಸಿದ್ಧವಾಗುತ್ತಿದೆ. 2020ರ ಏಪ್ರಿಲ್‌ನಿಂದ ರೋಗಪತ್ತೆಯ ತಂತ್ರಾಂಶವೂ ವೈದ್ಯಕೀಯ ಉಪಕರಣಗಳ ವ್ಯಾಖ್ಯೆಯೊಳಗೆ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ನೈತಿಕ ಮಾರ್ಗಸೂಚಿ ಹೊರಡಿಸಿದೆ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪಾಲಕರ ದೃಢಪಟ್ಟ ಒಪ್ಪಿಗೆ ಬೇಕೆನ್ನುತ್ತದೆ. ಮಗುವಿನ ಕೆಮ್ಮು, ಅಳು, ಮನೆಯೊಳಗಿನ ಮಾತು, ಎಲ್ಲವೂ ಮುದ್ರಣಗೊಳ್ಳುವಾಗ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ತಂದೆತಾಯಿಗೆ ಇದೆ. ಯಾವ ವಯಸ್ಸಿನ, ಯಾವ ದೇಶದ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದ್ದೀರಿ ಎಂದು ಕೇಳುವ ಹೊಣೆ ಖರೀದಿ ಮಾಡುವ ಸರ್ಕಾರ ಮತ್ತು ಆಸ್ಪತ್ರೆಗಳದು.

ಪಾಲಕರಿಗೆ

ಯಾವ ಯಂತ್ರವೂ ಇಲ್ಲದೆ ಮನೆಯಲ್ಲೇ ಮಾಡಬಹುದಾದ ಕೆಲಸಗಳಿವೆ. ಕೆಮ್ಮಿರುವ ಮಗು ಶಾಂತವಾಗಿದ್ದಾಗ ಅಂಗಿ ಸರಿಸಿ, ಗಡಿಯಾರ ನೋಡಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ವಯಸ್ಸಿಗೆ ತಕ್ಕಂತೆ 60, 50, 40ರ ಮಿತಿ ಮುಟ್ಟಿದ್ದರೆ ಅಥವಾ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಮಗು ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ತುಟಿ ನೀಲಿಗಟ್ಟಿದರೆ, ಪ್ರತಿ ಉಸಿರಿಗೂ ನರಳಿದರೆ, ಫಿಟ್ಸ್ ಬಂದರೆ, ಸುಮ್ಮನಿರುವಾಗಲೂ ಗಂಟಲಿನಿಂದ ಕರ್ಕಶ ಸದ್ದು ಬಂದರೆ ಒಂದು ಗಳಿಗೆಯೂ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಮೊಬೈಲಿನ ಆ್ಯಪ್ ಏನೂ ಇಲ್ಲ ಎಂದು ಹೇಳಿದರೂ ಈ ಲಕ್ಷಣಗಳನ್ನು ಕಡೆಗಣಿಸಬೇಡಿ. ನ್ಯುಮೋನಿಯಾ ತಡೆಯುವ ನ್ಯುಮೊಕಾಕಲ್ ಲಸಿಕೆ ಮತ್ತು ಪೆಂಟಾವೇಲೆಂಟ್ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತವೆ. ತಾಯಿಕಾರ್ಡು ತೆಗೆದು ಇವೆರಡೂ ಲಸಿಕೆಗಳ ಎಲ್ಲ ಡೋಸುಗಳೂ ಆಗಿವೆಯೇ ಎಂದು ಇವತ್ತೇ ನೋಡಿಕೊಳ್ಳಿ.